ಮಗಳಿಗೆ ಅನಿಮೇಷನ್ ಆಸೆ. ಮೂರೂವರೆ ಲಕ್ಷ ಫೀಸು ಕಟ್ಟಬೇಕಾ?

ರಾಣೆಬೆನ್ನೂರಿನ ಅಪ್ಪ
ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರಿನಲ್ಲಿ ನನ್ನದು ಸಣ್ಣ ಬೀಜದ ಅಂಗಡಿ. ಮಗಳು ಈ ಸಲ ಪಿಯುಸಿ ಮುಗಿಸಿದಳು. ಕಾಮರ್ಸ್, 71 ಪರ್ಸೆಂಟ್. ಹೈಸ್ಕೂಲಿನಲ್ಲೇ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾಗಿದ್ದಾಳೆ. ಅಂಗಡಿಯಲ್ಲಿ ಕೂರಿಸಿದರೆ ಬಿಲ್ ಬುಕ್ಕಿನ ಹಿಂದೆ ಬರುವ ಗಿರಾಕಿಗಳ ಮುಖ ಬಿಡಿಸುತ್ತಾಳೆ.

ಅನಿಮೇಷನ್ ಕಲಿಯುತ್ತೇನೆ ಅಂತ ಹಟ. ಪೇಟೆಯ ಒಂದು ಖಾಸಗಿ ಸಂಸ್ಥೆಗೆ ಹೋಗಿ ವಿಚಾರಿಸಿದೆವು. ಎರಡು ವರ್ಷಕ್ಕೆ ಮೂರೂವರೆ ಲಕ್ಷ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಗೋಡೆ ಮೇಲೆ ಬರೆಸಿದ್ದಾರೆ. ಇವತ್ತೇ ಹತ್ತು ಸಾವಿರ ಕಟ್ಟಿದರೆ ರಿಯಾಯಿತಿ ಅಂದರು. ನಾನು ಕಟ್ಟದೆ ಎದ್ದು ಬಂದೆ. ಬಸ್ಸಿನಲ್ಲಿ ಊರು ಮುಟ್ಟುವ ತನಕ ಅವಳು ಒಂದು ಮಾತೂ ಆಡಲಿಲ್ಲ.

ಈ ಲೈನಿನಲ್ಲಿ ನನಗೆ ಯಾರೂ ಪರಿಚಯ ಇಲ್ಲ. ಮನೆಯಲ್ಲಿ ಬಿ.ಕಾಂ ಸೇರಿಸೋಣ, ಬ್ಯಾಂಕ್ ಪರೀಕ್ಷೆ ಬರೀಲಿ ಅಂತಿದ್ದಾರೆ. ತಿಳಿದವರು ಹೇಳಿ.

ರೋಟೊ ಅಕ್ಕ
ಅಣ್ಣಾ, ಕಟ್ಟದೆ ಬಂದಿದ್ದು ಒಳ್ಳೇದಾಯ್ತು. ಇಂಥದ್ದೇ ಒಂದು ಕಡೆ ಸಾಲ ಮಾಡಿ ಕಲಿತವಳು ನಾನು. ಈಗ ಬೆಂಗಳೂರಿನಲ್ಲಿ ಒಂದು ಸ್ಟುಡಿಯೋದಲ್ಲಿದ್ದೇನೆ.

ಅವರ ಗೋಡೆ ಮೇಲೆ ಡ್ರ್ಯಾಗನ್, ಸೂಪರ್ ಹೀರೋ ಎಲ್ಲಾ ಇರುತ್ತೆ. ಸೇರಿದ ಮೇಲೆ ಮೊದಲು ಸಿಗುವ ಕೆಲಸ ಜಾಸ್ತಿ ರೋಟೊ. ಅಂದರೆ ಶೂಟ್ ಆದ ದೃಶ್ಯದಲ್ಲಿ ನಟನ ಸುತ್ತ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬಿಡಿಸಿ ಕೊಡುವುದು. ಒಂದು ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ನಾಯಕಿ ಗಾಳಿಯಲ್ಲಿ ಕೂದಲು ಬಿಟ್ಟು ನಿಂತರೆ ನಮ್ಮ ವಾರ ಅಲ್ಲೇ ಮುಗೀತು. ನನ್ನ ಮೊದಲ ಸಂಬಳ 13 ಸಾವಿರ. ಪಿಜಿ ಬಾಡಿಗೆ ಕೊಟ್ಟು ಉಳಿದಿದ್ದರಲ್ಲಿ ಸಾಲದ ಕಂತು.

ಕೆಲಸ ಕೆಟ್ಟದ್ದು ಅಂತ ಹೇಳ್ತಿಲ್ಲ. ದೇಹ ಹೇಗೆ ಅಲುಗಾಡುತ್ತೆ, ಬಟ್ಟೆ ಹೇಗೆ ಮಡಚುತ್ತೆ ಅಂತ ನೋಡೋದನ್ನು ಕಲಿತದ್ದು ಅಲ್ಲೇ. ಆಮೇಲೆ ಕಾಂಪೋಸಿಟಿಂಗ್‌ಗೆ, ಅಂದರೆ ಬಿಡಿ ಬಿಡಿ ಚಿತ್ರ ಸೇರಿಸಿ ಒಂದೇ ದೃಶ್ಯ ಮಾಡುವ ಕೆಲಸಕ್ಕೆ ಬಂದೆ, ಈಗ ಆರಾಮ. ಆದರೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಎರಡು ವರ್ಷ ಅಷ್ಟು ಅಳುತ್ತಿರಲಿಲ್ಲ. ಇನ್ನೊಂದು ಸಲ ಅಲ್ಲಿಗೆ ಹೋದರೆ ಹೋದ ವರ್ಷ ಮುಗಿಸಿದ ಇಬ್ಬರು ಹುಡುಗರ ನಂಬರ್ ಕೇಳಿ. ಅವರ ಜೊತೆ ಮಗಳೇ ಮಾತಾಡಲಿ. ನಂಬರ್ ಕೊಡೋಕೆ ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು.

ನಿವೃತ್ತ ಕ್ಯಾಷಿಯರ್, ಶಿವಮೊಗ್ಗ
ಅಕ್ಕನೇ ಹೇಳಿದ ಹಾಗಾಯಿತು. ಮನೆಯವರ ಮಾತು ಕೇಳಿ, ಬಿ.ಕಾಂ ಸೇರಿಸಿ. ಚಿತ್ರ ಎಲ್ಲಿಗೂ ಓಡಿ ಹೋಗುವುದಿಲ್ಲ, ಸಂಜೆ ಬಿಡಿಸಲಿ. ನನ್ನ ಅಕ್ಕನ ಮಗ ಫೋಟೋಗ್ರಫಿ ಅಂತ ಹೋದ. ಕ್ಯಾಮೆರಾ ಸಾಲ ತೀರುವ ಮೊದಲೇ ಕ್ಯಾಮೆರಾ ಮಾರಿದ. ಅವನ ತಾಯಿ ಪಟ್ಟ ಪಾಡು ಕಣ್ಣಾರೆ ನೋಡಿದ್ದೇನೆ. ನಮ್ಮಂಥ ಮನೆಗಳಲ್ಲಿ ಒಂದು ಸಲ ತಪ್ಪಿದರೆ ಎರಡನೇ ಸಲ ದುಡ್ಡಿರುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರು
ಸರ್, ನಿಮ್ಮ ಆತಂಕ ನಿಜ. ಆದರೆ ಮೂರೂವರೆ ಲಕ್ಷ ಇಲ್ಲದಿದ್ದರೆ ಬಿ.ಕಾಂ ಅಂತ ಎರಡೇ ದಾರಿ ಇಲ್ಲವಲ್ಲ. ಇಪ್ಪತ್ತೆಂಟು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವನು ನಾನು. ಮೂರನೇ ದಾರಿ ಇದೆ ಅಂತ ಹೇಳುವವರೇ ಇಲ್ಲದೆ ಎಷ್ಟೋ ಒಳ್ಳೆ ಕೈಗಳು ಸುಮ್ಮನಾದದ್ದು ನೋಡಿದ್ದೇನೆ. ನನಗೆ ಅದೇ ಸಂಕಟ.

ರಾಣೆಬೆನ್ನೂರಿನಿಂದ ರೈಲು ಹತ್ತಿದರೆ ದಾವಣಗೆರೆ ಎಷ್ಟು ದೂರ? ಅಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಪೇಂಟಿಂಗ್ ಜೊತೆಗೆ ಅಪ್ಲೈಡ್ ಆರ್ಟ್ ಕೂಡ ಇದೆ. ಜಾಹೀರಾತು, ಪುಸ್ತಕದ ಮುಖಪುಟ, ಪ್ಯಾಕೆಟ್ ವಿನ್ಯಾಸ, ಇವೆಲ್ಲಾ ಅಪ್ಲೈಡ್ ಆರ್ಟಿಗೆ ಬರುತ್ತವೆ. ಮೈಸೂರಿನಲ್ಲಿ ಕಾವಾ ಅಂತ ದೃಶ್ಯಕಲೆಯ ಕಾಲೇಜಿದೆ, 1906ರಲ್ಲಿ ಅಡಿಗಲ್ಲು ಹಾಕಿದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟೇ ಮುಂದೆ ಕಾವಾ ಆಯಿತು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ. ಸರ್ಕಾರಿ ಕಾಲೇಜಿನ ಫೀಸಿಗೂ ನೀವು ಹೇಳಿದ ಮೊತ್ತಕ್ಕೂ ಹೋಲಿಕೆಯೇ ಇಲ್ಲ. ನಾಲ್ಕು ವರ್ಷದ ಡಿಗ್ರಿ. ಕೈಯಲ್ಲಿ ಡಿಗ್ರಿ ಇರಲಿ ಅನ್ನುವ ಮನೆಯವರ ಆಸೆಯೂ ನೆರವೇರುತ್ತೆ.

ಕಾಮರ್ಸ್ ಅಂತ ಚಿಂತೆ ಬೇಡ. ಡಿಸೈನ್ ಪದವಿಗೆ ಐಐಟಿ ಬಾಂಬೆ ನಡೆಸುವ ಯೂಸೀಡ್ ಪರೀಕ್ಷೆಯನ್ನು ಯಾವ ವಿಭಾಗದವರೂ ಬರೆಯಬಹುದು. ಆದರೆ ಅದು ಇಂಗ್ಲಿಷಿನಲ್ಲಿ ಇರುತ್ತೆ. ಕನ್ನಡ ಮಾಧ್ಯಮದ ಮಗುವಿಗೆ ಕೈ ಸೋಲುವುದಿಲ್ಲ, ಪ್ರಶ್ನೆ ಅರ್ಥವಾಗದೆ ಸೋಲುತ್ತೆ. ಇದಕ್ಕೆ ಏನಾದರೂ ಆಗಲೇಬೇಕು.

ಡಿಟಿಪಿ ಅಂಗಡಿಯವ, ದಾವಣಗೆರೆ
ಮೇಷ್ಟ್ರೇ, ಕಾಲೇಜು ಸರಿ. ಆದರೆ ಡಿಗ್ರಿ ಮುಗಿಸಿ ನನ್ನ ಅಂಗಡಿಗೆ ಬರುವ ಹುಡುಗರ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿತ್ರ ಚಂದ ಬಿಡಿಸ್ತಾರೆ. ಪ್ರಿಂಟಿಗೆ ಫೈಲ್ ಕೊಡು ಅಂದರೆ ಬರಲ್ಲ.

ಹೋದ ತಿಂಗಳು ಒಬ್ಬ ಹುಡುಗ ಮದುವೆ ಪತ್ರಿಕೆ ಮಾಡಿದ. ಫೋಟೋಶಾಪಿನಲ್ಲಿ ನಮ್ಮ ಅಕ್ಷರ ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಲೇಔಟ್ ಅನ್ನೋ ಸೆಟ್ಟಿಂಗ್ ಆನ್ ಮಾಡದೆ ಯೂನಿಕೋಡ್ ಕನ್ನಡ ಅಂಟಿಸಿದ್ದ. ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ. 'ಲಕ್ಷ್ಮೀ' ಅನ್ನೋದು ನಾಲ್ಕು ತುಂಡಾಗಿ ಬಿದ್ದಿತ್ತು. ಅವನು ನೋಡಲೇ ಇಲ್ಲ. ಬಣ್ಣ ಆರ್‌ಜಿಬಿಯಲ್ಲಿತ್ತು, ಅದು ಸ್ಕ್ರೀನಿಗೆ ಸರಿ, ಪ್ರಿಂಟಿಗಲ್ಲ. ಸ್ಕ್ರೀನಿನಲ್ಲಿ ಗಿಳಿ ಹಸಿರು, ಪ್ರಿಂಟಿನಲ್ಲಿ ಒಣಗಿದ ಎಲೆ. ಅಂಚಿಗೆ ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗಲಿ ಅಂತ ಬಿಡುವ ಹೆಚ್ಚಿನ ಜಾಗ, ಬಿಟ್ಟಿರಲಿಲ್ಲ, ಕತ್ತರಿಸುವಾಗ ವರನ ಊರಿನ ಹೆಸರು ಹಾರಿತು. ಇವು ಮೂರೂ ಒಂದು ವಾರದಲ್ಲಿ ಕಲಿಯುವ ವಿಷಯ. ಆದರೆ ಯಾರೋ ಎದುರು ನಿಂತು ನನ್ನ ಪತ್ರಿಕೆ ಹಾಳಾಯ್ತು ಅನ್ನುವ ತನಕ ತಲೆಗೆ ಹೋಗಲ್ಲ.

ಅದಕ್ಕೇ ಅಣ್ಣಾ, ಕೋರ್ಸು ಆಮೇಲೆ ನೋಡಿ. ಅಡ್ಮಿಷನ್‌ಗೆ ಇನ್ನೂ ಟೈಮ್ ಇದೆ. ನಿಮ್ಮ ಅಂಗಡಿಗೇ ಒಂದು ಕೆಲಸ ಮಾಡಿಸಿ. ಬೆಲೆಪಟ್ಟಿನೋ, ಬೋರ್ಡೋ, ಏನೋ ಒಂದು. ಪ್ರಿಂಟ್ ಆಗಿ ಗೋಡೆ ಮೇಲೆ ನಿಲ್ಲಬೇಕು. ಫೈಲ್ ಕಳಿಸಲಿ, ತಪ್ಪು ನಾನು ತೋರಿಸ್ತೀನಿ. ಬೇಕಾದರೆ ಹದಿನೈದು ದಿನ ನಮ್ಮಲ್ಲಿಗೇ ಬಂದು ಕೂರಲಿ.

ರೋಟೊ ಅಕ್ಕ
ಬಂದು ಕೂರಲಿ ಸರಿ, ಸಂಬಳ? ಕಲಿಯೋಕೆ ಅವಕಾಶ ಅಂತ ಹೇಳಿ ಆರು ತಿಂಗಳು ಬಿಟ್ಟಿ ದುಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಬಿಟ್ಟಿ ಕೆಲಸ ಮಾಡೋಕೆ ಆಗೋದು ಅಪ್ಪನ ದುಡ್ಡಿರುವ ಮಕ್ಕಳಿಗೆ ಮಾತ್ರ. ಉಳಿದವರು ಅಲ್ಲೇ ಹೊರಗೆ ಉಳೀತಾರೆ.

ಡಿಟಿಪಿ ಅಂಗಡಿಯವ, ದಾವಣಗೆರೆ
ಸರಿಯಾದ ಪ್ರಶ್ನೆ ಅಕ್ಕ. ಬಸ್ ಚಾರ್ಜು, ಊಟ ನನ್ನದು. ಅವಳು ಮಾಡಿದ ಕೆಲಸ ಗಿರಾಕಿಗೆ ಹೋದರೆ ಅದರ ದುಡ್ಡಿನಲ್ಲಿ ಅರ್ಧ ಅವಳದು. ಇಲ್ಲೇ ಎಲ್ಲರ ಎದುರು ಹೇಳ್ತಿದ್ದೀನಿ.

ನಿವೃತ್ತ ಕ್ಯಾಷಿಯರ್, ಶಿವಮೊಗ್ಗ
ಎಲ್ಲಾ ಸರಿ. ಆದರೆ ಈಗ ಎಐ ಬಂದಿದೆಯಲ್ಲ? ಒಂದು ಸಾಲು ಟೈಪ್ ಮಾಡಿದರೆ ಚಿತ್ರ ಬರುತ್ತೆ. ನಾಲ್ಕು ವರ್ಷ ಕಲಿತು ಹೊರಗೆ ಬರುವಾಗ ಈ ಕೆಲಸಗಳು ಇರುತ್ತವಾ?

ಡಿಟಿಪಿ ಅಂಗಡಿಯವ, ದಾವಣಗೆರೆ
ಸುಳ್ಳು ಹೇಳಲ್ಲ ಸರ್. ಹುಟ್ಟುಹಬ್ಬದ ಬ್ಯಾನರಿನಂಥ ಸಣ್ಣ ಕೆಲಸ ನನಗೆ ಕಡಿಮೆ ಆಗಿದೆ. ಆದರೆ ಅದೇ ಜನ ಎಐ ಚಿತ್ರ ಹಿಡಿದುಕೊಂಡು ಬರ್ತಾರೆ. ಎಷ್ಟೋ ಸಲ ಅದರಲ್ಲಿ ಕನ್ನಡ ಓದೋಕೇ ಆಗಲ್ಲ, ಅಕ್ಷರದ ಹಾಗೆ ಕಾಣುವ ಏನೋ ಇರುತ್ತೆ. ಎತ್ತಿನ ಕೊಂಬು, ನೊಗ ಎಲ್ಲಾ ನಮ್ಮ ಕಡೆಯದಲ್ಲ. ಅದನ್ನು ಸರಿ ಮಾಡೋಕೆ ನೊಗ ನೋಡಿದವರೇ ಬೇಕು. ಸಾಧಾರಣ ಕೆಲಸ ಮಾಡುವವರಿಗೆ ಕಷ್ಟ ಇದೆ. ಹುಡುಗಿ ಗಟ್ಟಿಯಾಗೇ ಕಲೀಬೇಕು.

ರೋಟೊ ಅಕ್ಕ
ರೋಟೊದಲ್ಲೂ ಅದೇ ಕತೆ. ಮೊದಲು ನಾವು ವಾರ ಕೂತು ಮಾಡಿದ್ದರಲ್ಲಿ ಎಷ್ಟೋ ಭಾಗ ಈಗ ಸಾಫ್ಟ್‌ವೇರ್ ಎಳೆದು ಕೊಡುತ್ತೆ. ಬರೀ ಸಾಫ್ಟ್‌ವೇರ್ ಬಟನ್ ಕಲಿಸುವ ಕೋರ್ಸಿಗೆ ಲಕ್ಷ ಸುರೀಬೇಡಿ ಅನ್ನೋದು ಅದಕ್ಕೇ. ಇನ್ನೊಂದು ಬೇಜಾರು. ನಮ್ಮ ರಾಜ್ಯ 2012ರಲ್ಲೇ ಅನಿಮೇಷನ್, ಗೇಮಿಂಗಿಗೆ ಅಂತ ನೀತಿ ಮಾಡಿತು, ಆಮೇಲೆ ಮತ್ತೆ ಹೊಸದು ಬಂತು. ಆದರೂ ನಮ್ಮ ಫ್ಲೋರಿನಲ್ಲಿ ಹಾವೇರಿ, ಗದಗ, ಕೊಪ್ಪಳದಿಂದ ಬಂದವರು ಯಾರು ಅಂತ ನೋಡಿದರೆ ಬೆರಳೆಣಿಕೆ. ಕೆಲಸ ಬೆಂಗಳೂರಲ್ಲಿದೆ, ಸುದ್ದಿಯೂ ಬೆಂಗಳೂರಲ್ಲೇ ಉಳಿದಿದೆ.

ಲೈಟ್ಸ್ ಹುಡುಗ
ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ನಾನು ನಟನಾಗಬೇಕು ಅಂತ ಹೆಗ್ಗೋಡಿನ ನೀನಾಸಂಗೆ ಹೋದವನು. ಅಲ್ಲಿ ನಟನೆ ಜೊತೆ ಸೆಟ್ ಕಟ್ಟೋದು, ಬಟ್ಟೆ, ಬೆಳಕು ಎಲ್ಲಾ ಮಾಡಬೇಕು. ಒಂದು ರಾತ್ರಿ ಡಿಮ್ಮರ್ ಮೇಲೆ ಕೈ ಇಟ್ಟು ಮೆಲ್ಲಗೆ ಕತ್ತಲು ಮಾಡಿದೆ. ಇಡೀ ರಂಗಮಂದಿರ ಉಸಿರು ಹಿಡಿಯಿತು. ಅವತ್ತೇ ಗೊತ್ತಾಯ್ತು ನನ್ನ ಜಾಗ ವೇದಿಕೆ ಮೇಲಲ್ಲ, ಹಿಂದೆ ಅಂತ. ತಿರುಗಾಟದಲ್ಲಿ ಊರೂರು ಸುತ್ತಿ ಕೈ ಪಳಗಿತು. ಈಗ ನಾಟಕ, ಸಮಾರಂಭ, ಕೆಲವೊಮ್ಮೆ ಧಾರಾವಾಹಿ, ಬದುಕು ನಡೀತಿದೆ.

ಅನಿಮೇಷನ್ ಅಂತ ಅವಳು ಹೇಳ್ತಿರೋದು ಆ ಒಂದು ಹೆಸರು ಮಾತ್ರ ಕೇಳಿರೋದರಿಂದ ಇರಬಹುದು, ಅಲ್ವಾ? ಮುಖ ಬಿಡಿಸುವ ಹುಡುಗಿ ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡಬಹುದು, ನಾಟಕಕ್ಕೆ ಮೇಕಪ್ ಮಾಡಬಹುದು, ಸಿನಿಮಾಕ್ಕೆ ಸ್ಟೋರಿಬೋರ್ಡ್, ಅಂದರೆ ಶೂಟಿಂಗಿಗೆ ಮೊದಲು ಪ್ರತಿ ದೃಶ್ಯದ ಚಿತ್ರ, ಬರೀಬಹುದು. ನಾಲ್ಕು ಕಡೆ ಹೋಗಿ ನೋಡಲಿ.

ಡ್ರಾಯಿಂಗ್ ಮೇಷ್ಟ್ರು
ಒಳ್ಳೆ ಮಾತು ಹೇಳಿದೆಯಪ್ಪ. ಸಿನಿಮಾ ಛಾಯಾಗ್ರಾಹಕರಾಗಿ ಹೆಸರಾದ ಮೈಸೂರಿನ ವಿ.ಕೆ. ಮೂರ್ತಿಯವರು ಮೊದಲು ಪಿಟೀಲು ನುಡಿಸುತ್ತಿದ್ದರು. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದರು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂದದ್ದು ಅವರಿಗೆ. ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿಸುತ್ತಾರೆ ಅಂತ ಆ ಹುಡುಗನಿಗೆ ಗೊತ್ತೇ ಆಗದಿದ್ದರೆ?

ರಾಣೆಬೆನ್ನೂರಿನ ಅಪ್ಪ
ಒಂದೂವರೆ ತಿಂಗಳಾದ ಮೇಲೆ ಬರೀತಿದ್ದೇನೆ. ನಿಮ್ಮೆಲ್ಲರ ಮಾತನ್ನು ಮಗಳಿಗೆ ಓದಿ ಹೇಳಿದ್ದೆ.

ಮುಂಗಾರು ಬಿತ್ತನೆಗೆ ಅಂಗಡಿಗೆ ಒಂದು ಚಾರ್ಟ್ ಮಾಡಿದಳು. ಗೋವಿನಜೋಳದ ಸಾಲಿಂದ ಸಾಲಿಗೆ ಎರಡಡಿ ಅನ್ನೋದನ್ನು ಅಕ್ಷರದಲ್ಲಿ ಬರೆಯದೆ ಎರಡು ಹೆಜ್ಜೆ ಗುರುತು ಬಿಡಿಸಿ ತೋರಿಸಿದ್ದಾಳೆ. ಮೊದಲ ಪ್ರಿಂಟ್ ಕಪ್ಪುಹಸಿರು ಬಂತು, ಒತ್ತಕ್ಷರವೂ ಒಡೆದಿತ್ತು. ದಾವಣಗೆರೆ ಅಣ್ಣ ಫೋನಿನಲ್ಲೇ ತಿದ್ದಿಸಿದರು. ಎರಡನೆಯದು ಸರಿ ಬಂತು. ಓದು ಬಾರದ ಒಬ್ಬ ಅಜ್ಜ ಅದರ ಮುಂದೆ ನಿಂತು ನೆಲದ ಮೇಲೆ ತನ್ನ ಪಾದ ಒಂದರ ಮುಂದೊಂದು ಇಟ್ಟು ಅಳೆದು ನೋಡಿದ. ಅವಳು ಕೌಂಟರಿನ ಹಿಂದೆ ನಿಂತು ನೋಡ್ತಿದ್ದಳು. ಪಕ್ಕದ ಗೊಬ್ಬರದ ಅಂಗಡಿಯವರು ನಮಗೂ ಬೇಕು ಅಂದರು. 600 ರೂಪಾಯಿ ಅಂತ ಅವಳೇ ಹೇಳಿದಳು. ನನಗೆ ಹೇಳೋಕೆ ಧೈರ್ಯ ಆಗ್ತಿರಲಿಲ್ಲ.

ಮನೆಯಲ್ಲಿ ಒಪ್ಪಿದ್ದಾರೆ. ಸೋಮವಾರ ದಾವಣಗೆರೆ ಕಾಲೇಜಿಗೆ ಹೋಗಿ ಬರ್ತೀವಿ. ಕ್ಯಾಷಿಯರ್ ಸರ್, ಸಾಲ ಮಾಡ್ತಿಲ್ಲ. ಮೇಷ್ಟ್ರೇ, ಜೊತೆಗೆ ಏನೇನು ತಗೊಂಡು ಹೋಗಲಿ?

ನಿವೃತ್ತ ಕ್ಯಾಷಿಯರ್, ಶಿವಮೊಗ್ಗ
ಸಂತೋಷ. 600ರ ಲೆಕ್ಕವನ್ನು ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಕಾಗದ, ಪ್ರಿಂಟ್ ಖರ್ಚು ಎಷ್ಟು, ಉಳಿದದ್ದು ಎಷ್ಟು ಅಂತ. ಕಾಮರ್ಸ್ ಓದಿದ ಹುಡುಗಿ, ಅದರಲ್ಲಿ ಅವಳನ್ನು ಯಾರೂ ಮೀರಿಸಬಾರದು.

ಡ್ರಾಯಿಂಗ್ ಮೇಷ್ಟ್ರು
ಮಾರ್ಕ್ಸ್ ಕಾರ್ಡ್, ಲೋಯರ್ ಹೈಯರ್ ಸರ್ಟಿಫಿಕೇಟು, ಆ ಚಾರ್ಟು. ಎರಡೂ ಪ್ರಿಂಟ್ ಇರಲಿ, ತಪ್ಪಾದದ್ದು ಕೂಡ. ಬಿಲ್ ಬುಕ್ಕಿನ ಆ ಹಾಳೆಗಳನ್ನು ಎಸೆದಿಲ್ಲ ತಾನೇ? ಅವನ್ನೇ ಫೈಲಿನ ಮೊದಲಿಗೆ ಹಾಕಿ.