ಮನೆಯೊಳಗೇ ಕೂರಬೇಕಾಗಿ ಬಂದಾಗ: ಒಬ್ಬರೇ ಇರುವವರಿಗೆ, ಗಂಡ ಹೆಂಡತಿಗೆ ಹಾಳೆಯಲ್ಲಿ ಏನು ಬರೆಯೋಣ?

ಕುವೆಂಪುನಗರ_ನಿವಾಸಿ:
ನಮ್ಮ ಬಡಾವಣೆಯ ಸಂಘದಿಂದ ಮನೆಮನೆಗೆ ಹಂಚಲು ಒಂದು ಹಾಳೆ ತಯಾರು ಮಾಡ್ತಿದ್ದೀವಿ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ, ಮತ್ತೆ 2021ರಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ ಅಂಗಡಿ ತೆರೀತಿದ್ದಾಗ ಹಾಲು, ತರಕಾರಿ, ಔಷಧಿಗೆಲ್ಲ ಪಟ್ಟಿ ಇತ್ತು. ಬಾಗಿಲ ಒಳಗೆ ಜನ ಹೇಗಿದ್ದಾರೆ ಅಂತ ವಿಚಾರಿಸೋಕೆ ಏನೂ ಇರಲಿಲ್ಲ. ಮಹಡಿ ಮೇಲಿನ ಸಿಂಗಲ್ ರೂಮಿನಲ್ಲಿ ಒಬ್ಬರೇ ಇರುವ ಹುಡುಗ ಹುಡುಗಿಯರು, ಮಕ್ಕಳು ದೂರದಲ್ಲಿರುವ ಹಿರಿಯರು, ಎರಡೇ ಕೋಣೆಯಲ್ಲಿ ಇಬ್ಬರೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ಗಂಡ ಹೆಂಡತಿ, ಎಲ್ಲರೂ ನಮ್ಮಲ್ಲಿದ್ದಾರೆ. ದೊಡ್ಡ ರೋಗವೇ ಬರಬೇಕು ಅಂತಿಲ್ಲ, ಮೈಮೇಲೆ ಅಮ್ಮ (ಚಿಕನ್‌ಪಾಕ್ಸ್) ಆದರೂ ಗುಳ್ಳೆಯೆಲ್ಲ ಒಣಗಿ ಹಕ್ಕಳೆ ಕಟ್ಟೋವರೆಗೆ ಒಳಗಿರಬೇಕು. "ಧೈರ್ಯವಾಗಿರಿ, ಧ್ಯಾನ ಮಾಡಿ" ಅಂತ ಬರೆಯೋದು ಬೇಡ. ಯಾರು, ಎಷ್ಟು ಹೊತ್ತಿಗೆ, ಏನು ಮಾಡಬೇಕು ಅನ್ನೋದು ಬೇಕು. ತಿಳಿದವರು ಹೇಳಿ.

ಆಪ್ತಸಲಹೆ_ಮೈಸೂರು:
ಒಬ್ಬರೇ ಇರುವವರನ್ನು ಮೊದಲು ಬರೆಯಿರಿ, ಅವರು ತಾವಾಗಿ ಸಹಾಯ ಕೇಳೋದು ಕಡಿಮೆ. ಗೆಳೆಯರ ಮಾತುಕತೆ ಫೋನಿನಲ್ಲಿ ಹೇಗೋ ನಡೆಯುತ್ತೆ. ನಿಂತುಹೋಗೋದು ಹೂವಿನವರ ಹತ್ತಿರ "ಮೊಳ ಎಷ್ಟಮ್ಮ", ಹೋಟೆಲಿನಲ್ಲಿ "ಚಟ್ನಿ ಇನ್ನೊಂಚೂರು", ಸಿಟಿ ಬಸ್ಸಿನಲ್ಲಿ "ಸ್ವಲ್ಪ ಒಳಗೆ ಹೋಗಿ ಸಾರ್". ಯಾರೋ ನಮ್ಮ ಮುಖ ನೋಡಿ ಆಡೋ ಇಂಥ ಮಾತು ದಿನಕ್ಕೆ ಹತ್ತಾರು ಇರುತ್ತವೆ. ಅವೆಲ್ಲ ಒಟ್ಟಿಗೆ ನಿಂತರೆ ನಾಲ್ಕೈದು ದಿನದಲ್ಲಿ ಮನುಷ್ಯ ಮಂಕಾಗೋಕೆ ಶುರುವಾಗಬಹುದು, ಯಾಕೆ ಅಂತ ಅವರಿಗೇ ಗೊತ್ತಾಗೋದಿಲ್ಲ.

ಪ್ರತಿಯೊಬ್ಬರಿಗೂ ಇಬ್ಬರು ಫೋನ್ ಮಾಡುವವರನ್ನು ಗೊತ್ತು ಮಾಡಿ. ಒಬ್ಬರು ಬೆಳಿಗ್ಗೆ 8ಕ್ಕೆ, ಇನ್ನೊಬ್ಬರು ರಾತ್ರಿ 8.30ಕ್ಕೆ, ಐದೇ ನಿಮಿಷ. ಹೊತ್ತು ತಪ್ಪಬಾರದು, ಆ ಕರೆಗೋಸ್ಕರ ಎದ್ದು ಮುಖ ತೊಳೆಯುವವರಿದ್ದಾರೆ. "ಹೇಗಿದ್ದೀಯಾ" ಅಂದರೆ "ಆರಾಮ" ಅನ್ನೋ ಉತ್ತರ ಬರುತ್ತೆ, ಅಲ್ಲಿಗೆ ಮುಗೀತು. "ಬೆಳಿಗ್ಗೆ ಏನು ತಿಂದೆ, ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಸ್ನಾನ ಆಯ್ತಾ" ಅಂತ ಕೇಳಿ. ಎರಡು ದಿನದಿಂದ ಬರೀ ಟೀ ಬಿಸ್ಕತ್ತು, ಬೆಳಗಿನ ಜಾವ ನಾಲ್ಕಕ್ಕೆ ನಿದ್ದೆ, ಸ್ನಾನ ಇಲ್ಲ ಅಂದರೆ ಸುಮ್ಮನಿರಬೇಡಿ. ಫೋನ್ ಎತ್ತದಿದ್ದರೆ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ. ಆಗಲೂ ಎತ್ತದಿದ್ದರೆ ಮನೆ ಓನರ್ ಹೋಗಿ ಬಾಗಿಲು ತಟ್ಟಬೇಕು. ಇನ್ನೊಂದು ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋದನ್ನು ಒಬ್ಬರೇ ಇರುವವರನ್ನೇ ಕೇಳಿ ಮೊದಲೇ ಬರೆದಿಡಿ.

ಊಟದ ಡಬ್ಬಿ ಕೊಡುವ ಮನೆಯವರು ವಾಪಸ್ ಬಂದ ಡಬ್ಬಿ ನೋಡಲಿ. ಅನ್ನ ಸಾರು ಕಲಸಿ ಎರಡು ತುತ್ತು ತಿಂದು ಬಿಟ್ಟಿದ್ದರೆ ಮಾತಿಗಿಂತ ಅದೇ ಹೆಚ್ಚು ಹೇಳುತ್ತೆ.

ನಿದ್ದೆ ಯಾಕೆ ಕೆಡುತ್ತೆ ಅಂದರೆ, ಬೆಳಗಿನ ಬೆಳಕು ಕಣ್ಣಿಗೆ ಬೀಳದಿದ್ದರೆ ದೇಹದ ಗಡಿಯಾರ ದಿನದಿನಕ್ಕೆ ಹಿಂದೆ ಬೀಳುತ್ತೆ. ಏಳು ಗಂಟೆಗೆ ಅರ್ಧ ತಾಸು ತಾರಸಿಯಲ್ಲೋ ಕಿಟಕಿ ಪಕ್ಕದಲ್ಲೋ ಕೂರಬೇಕು. ಹಾಸಿಗೆ ಮೇಲೆ ಕೂತು ಆಫೀಸ್ ಕೆಲಸ ಬೇಡ.

ಇನ್ನೊಂದು ಅಪಾಯ ಇದೆ. ಒಂಟಿತನದಲ್ಲಿ ಆನ್‌ಲೈನ್ ಪರಿಚಯ ಬೇಗ ಗಟ್ಟಿಯಾದ ಹಾಗೆ ಕಾಣುತ್ತೆ. ಎದುರಾಎದುರು ಎರಡು ಸಲ ಭೇಟಿ ಆಗೋವರೆಗೆ ಮದುವೆಯ ಮಾತೂ ಬೇಡ, ಒಂದು ರೂಪಾಯಿಯೂ ಬೇಡ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಕುವೆಂಪುನಗರ_ನಿವಾಸಿ:
ಡಬ್ಬಿ ವಿಷಯ ನಮಗೆ ಹೊಳೆದೇ ಇರಲಿಲ್ಲ, ಧನ್ಯವಾದ. ಗಂಡ ಹೆಂಡತಿ ವಿಷಯಕ್ಕೆ? ಒಬ್ಬರಿಗೆ ಮಾತ್ರ ಕಾಯಿಲೆ ಇದ್ದರೆ?

ಮಂಡ್ಯದ_ಸಿಸ್ಟರ್:
ಕಾಯಿಲೆಯವರ ಕೋಣೆ ಬಾಗಿಲ ಪಕ್ಕ ಒಂದು ಸ್ಟೂಲ್ ಇಡಿ. ತಟ್ಟೆ, ಲೋಟ ಅದರ ಮೇಲಿಟ್ಟು ಹಿಂದೆ ಸರಿಯಬೇಕು, ಅವರು ಆಮೇಲೆ ತಗೋಬೇಕು. ಎಲ್ಲರೂ ಮಾಡೋ ತಪ್ಪು ಏನಂದ್ರೆ ತಟ್ಟೆ ಇಟ್ಟು ಸುಮ್ಮನೆ ಹೋಗಿಬಿಡೋದು. ಒಳಗಿದ್ದವರಿಗೆ ಮೈಲಿಗೆ ಆದ ಹಾಗೆ ಅನಿಸುತ್ತೆ, ಹುಷಾರಾದ ಮೇಲೂ ಆ ನೋವು ಹೋಗೋದಿಲ್ಲ. ಕೆಮ್ಮು, ಜ್ವರ ಇರೋರಾದರೆ ಇಬ್ಬರೂ ಮಾಸ್ಕ್ ಹಾಕ್ಕೊಂಡು, ಆರಡಿ ದೂರದಲ್ಲಿ, ಕಿಟಕಿ ತೆರೆದು ಹತ್ತು ನಿಮಿಷ ಮಾತಾಡಿ. ಅಮ್ಮ ಆಗಿದ್ದರೆ ಗಾಳಿಯಲ್ಲೂ ಹರಡುತ್ತೆ, ಹಿಂದೆ ಆಗದೇ ಇರುವವರು, ಬಸುರಿಯರು ಹತ್ತಿರ ಹೋಗಬಾರದು. ಆಗ ವಿಡಿಯೋ ಕಾಲ್ ಮಾಡಿ ಒಟ್ಟಿಗೆ ಊಟ ಮಾಡಿ.

ಇಬ್ಬರೂ ಆರೋಗ್ಯವಾಗಿದ್ದರೆ ಜಗಳದ ಮೂಲ ಬಹಳ ಸಲ ಮನೆಕೆಲಸ. ಒಂದು ದಿನ ಮಾಡೋದನ್ನೆಲ್ಲ ಬರೆಯಿರಿ. ಗ್ಯಾಸ್ ಬುಕ್ ಮಾಡೋದು, ನಲ್ಲಿ ನೀರು ಬಿಡೋ ಹೊತ್ತಿಗೆ ಎದ್ದು ತುಂಬಿಸೋದು, ಅತ್ತೆಯ ಬಿಪಿ ಮಾತ್ರೆ ಮುಗೀತಾ ಅಂತ ನೆನಪಿಡೋದು, ಎಲ್ಲ ಬರಬೇಕು. ಆಮೇಲೆ ಹಂಚ್ಕೊಳ್ಳಿ. ಪೂರ್ತಿ ಕೆಲಸ ಒಬ್ಬರದಾಗಬೇಕು. ಪಾತ್ರೆ ಅಂದರೆ ಎಂಜಲು ತೆಗೆಯೋದರಿಂದ ಹಿಡಿದು ಸಿಂಕ್ ಉಜ್ಜಿ ಕಟ್ಟೆ ಒರೆಸೋವರೆಗೆ. "ಹೇಳಿದ್ರೆ ಮಾಡ್ತಿದ್ದೆ" ಅನ್ನೋರಿಗೆ ಹೇಳೋದೂ ಒಂದು ಕೆಲಸ ಅಂತ ಅರ್ಥವಾಗಬೇಕು.

ಆಫೀಸಿಂದ ಮನೆಗೆ ಬರೋ ದಾರಿಯಲ್ಲಿ ತಲೆ ತಣ್ಣಗಾಗ್ತಿತ್ತು, ಈಗ ಆ ದಾರಿ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಇಪ್ಪತ್ತು ನಿಮಿಷ ಒಬ್ಬೊಬ್ಬರೇ ತಾರಸಿಗೆ ಹೋಗಿ ಬನ್ನಿ. ಜಗಳದಲ್ಲಿ ದನಿ ಏರಿದ ತಕ್ಷಣ ನಿಲ್ಲಿಸಿ, ಆದರೆ "ಏಳೂವರೆಗೆ ಮಾತಾಡೋಣ" ಅಂತ ಹೊತ್ತು ಹೇಳಿ ಎದ್ದು ಹೋಗಿ. ಹೊತ್ತು ಹೇಳದೆ ಎದ್ದರೆ ಅದೇ ಇನ್ನೊಂದು ಜಗಳ. ಎದೆಬಡಿತ ಇಳಿಯೋಕೆ ಸುಮಾರು ಇಪ್ಪತ್ತು ನಿಮಿಷ ಬೇಕು, ಐದು ನಿಮಿಷಕ್ಕೆ ವಾಪಸ್ ಬಂದರೆ ಪ್ರಯೋಜನ ಇಲ್ಲ.

ಕಾನೂನು_ನೆರವು:
ಸಿಸ್ಟರ್ ಹೇಳಿದ್ದು ಸಮಾನವಾಗಿ ಜಗಳ ಆಡುವವರಿಗೆ. ಒಬ್ಬರಿಗೆ ಇನ್ನೊಬ್ಬರ ಭಯ ಇದ್ದರೆ, ಹೊಡೆತ, ಫೋನ್ ಕಿತ್ತುಕೊಳ್ಳೋದು, ದುಡ್ಡು ಕೊಡದಿರೋದು ಇದ್ದರೆ ಆ ಉಪಾಯ ಹೇಳಲೇಬೇಡಿ, ರಾಜಿಗೂ ಕೂರಬೇಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಬೈಗುಳ, ಹಣ ತಡೆಯೋದು ಕೂಡ ಹಿಂಸೆಯೇ. ಅದೇ ಮನೆಯಲ್ಲಿ ಇರುವ ಹಕ್ಕೂ ಹೆಣ್ಣುಮಗಳಿಗಿದೆ. ತುರ್ತಿಗೆ 112, ಮಹಿಳೆಯರಿಗೆ 181.

ಗಂಡ ಪಕ್ಕದಲ್ಲೇ ಇರುವಾಗ ಫೋನ್ ಮಾಡೋಕಾಗಲ್ಲ. ನಂಬಿಕೆಯ ಒಬ್ಬರ ಜೊತೆ ಒಂದು ಮಾತು ಗೊತ್ತು ಮಾಡಿಕೊಳ್ಳಬೇಕು. "ಹಾಲಿನ ಲೆಕ್ಕ ಕಳಿಸಿ" ಅಂತ ಮೆಸೇಜ್ ಬಂದರೆ ಅವರು 112ಕ್ಕೆ ಫೋನ್ ಮಾಡಬೇಕು, ವಾಪಸ್ ಇವರಿಗೆ ಮಾಡಬಾರದು. ಆಧಾರ್, ಪಾಸ್‌ಬುಕ್, ಮಕ್ಕಳ ಔಷಧಿ ಒಂದು ಚೀಲದಲ್ಲಿರಲಿ.

ಹಾಳೆಯ ಕೆಳಗೆ ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 (ಇಡೀ ದಿನ, ಕನ್ನಡದಲ್ಲೇ), ಹಿರಿಯರಿಗೆ 14567 ಹಾಕಿ. 181 ಮಾತ್ರ ಮನೆಗೆ ಹಂಚುವ ಹಾಳೆಯಲ್ಲಿ ದೊಡ್ಡದಾಗಿ ಬೇಡ, ಯಾರ ಕಣ್ಣಿಗೆ ಬೀಳುತ್ತೋ ಗೊತ್ತಿಲ್ಲ. ಹಾಲಿನ ಬೂತ್, ಮೆಡಿಕಲ್ ಸ್ಟೋರ್ ಗೋಡೆಗೆ ಅಂಟಿಸಿ. ಅಲ್ಲಿಗೆ ಹೆಂಗಸರು ಒಬ್ಬರೇ ಬರ್ತಾರೆ.