ಸಹಾಯ ಬೇಕು: ಹಳೇ ಪಿಸಿಗೆ ಯಾವ ಗ್ರಾಫಿಕ್ಸ್ ಕಾರ್ಡ್?

ನಮಸ್ಕಾರ. ದಾವಣಗೆರೆ ಕಡೆ ಕಂಪ್ಯೂಟರ್ ಬಲ್ಲೋರು ಸ್ವಲ್ಪ ದಾರಿ ತೋರಿಸಿ.

ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಪಿಸಿ ಪ್ರೊಸೆಸರ್ ಐ5-4570, 16 ಜಿಬಿ ರ‍್ಯಾಮ್, ಎಚ್81 ಮದರ್‌ಬೋರ್ಡ್, ಕಾರ್ಡ್ ಜಿಟಿ 710. ಮಾಂಗಲ್ಯ ಧಾರಣೆ ಸೀನ್‌ಗೆ ಕಲರ್ ಹಾಕಿದ್ರೆ ಸಾಕು, ಅಲ್ಲೇ ತಡವರಿಸುತ್ತೆ. ಮೊನ್ನೆ ಕ್ಯಾಬಿನೆಟ್ ಬಿಚ್ಚಿದೆ. ಮಂಡಕ್ಕಿ ಭಟ್ಟಿ ಪಕ್ಕದ ಮನೆ ನೋಡಿ, ಫ್ಯಾನ್ ರೆಕ್ಕೆ ಮೇಲೆ ಕಪ್ಪು ಮಸಿ ಬೆರಳಿಗೆ ಅಂಟ್ತಿತ್ತು. ಒರೆಸಿದೆ, ಬಿಸಿ ಕಮ್ಮಿ ಆಯ್ತು, ವೇಗ ಮಾತ್ರ ಅಷ್ಟೇ.

ಬಜೆಟ್ 8,000, ಸೆಕೆಂಡ್ ಹ್ಯಾಂಡ್ ಆದ್ರೂ ಸರಿ. ಒಬ್ರು ಆರ್‌ಎಕ್ಸ್ 580 ತಗೋ ಅಂದ್ರು. ಅದು 185 ವ್ಯಾಟ್, 8 ಪಿನ್ ವೈರ್ ಬೇಕು. ನನ್ನ ಪವರ್ ಸಪ್ಲೈ ಸ್ಟಿಕ್ಕರಲ್ಲಿ 450 ಅಂತಿದೆ, ಎತ್ತಿದ್ರೆ ಖಾಲಿ ಡಬ್ಬಿ ತರ ಹಗುರ, 6 ಪಿನ್ ವೈರೂ ಇಲ್ಲ. ಹಾಗಾಗಿ ಬೇರೆ ವೈರ್ ಇಲ್ದೆ ಮದರ್‌ಬೋರ್ಡ್ ಸ್ಲಾಟಿನ 75 ವ್ಯಾಟಲ್ಲೇ ಓಡೋ ಜಿಟಿಎಕ್ಸ್ 1650 ಮೇಲೆ ಮನಸ್ಸು. ಅದರಲ್ಲೂ ಕೆಲವಕ್ಕೆ 6 ಪಿನ್ ಕೇಳುತ್ತೆ, ಆ ವೈರ್ ಬೇಡದ ಮಾಡೆಲ್ ಯಾವುದು? ಆರ್‌ಎಕ್ಸ್ 6400ರಲ್ಲಿ ವಿಡಿಯೋ ಎನ್‌ಕೋಡರೇ (ಎಡಿಟ್ ಆದ ವಿಡಿಯೋನ ಬೇಗ ಫೈಲ್ ಮಾಡೋ ಭಾಗ) ಇಲ್ಲ, ಅದನ್ನ ಹೇಳಬೇಡಿ.

ಹಳೇ ಕಾರ್ಡ್ ಕೊಳ್ಳೋ ಮುಂಚೆ ಏನು ಓಡಿಸಿ ನೋಡ್ಬೇಕು? ಊರಲ್ಲೇ ಯಾರ ಹತ್ರ ಆದ್ರೂ ಇದ್ರೆ ಬಂದು ನೋಡ್ತೀನಿ.