ಎರಡು ಡೆಬಿಟ್ ಕಾರ್ಡ್ ಇವೆ, ಈಗ ಕ್ರೆಡಿಟ್ ಕಾರ್ಡ್ ಕೊಡ್ತೀವಿ ಅಂತಿದ್ದಾರೆ. ತಗೊಳ್ಳೋದಾ ಬೇಡ್ವಾ?

ಹೊಸಪೇಟೆ_ಹೈದ (ಪ್ರಶ್ನೆ)

ಕೈಗೆ ಬರೋ ಸಂಬಳ ತಿಂಗಳಿಗೆ 34,000. ಸಂಬಳದ ಖಾತೆಗೆ ರುಪೇ ಡೆಬಿಟ್ ಕಾರ್ಡ್ ಇದೆ, ಇನ್ನೊಂದು ಖಾತೆಗೆ ವೀಸಾ ಡೆಬಿಟ್. ದಿನದ ಖರ್ಚೆಲ್ಲ ಯುಪಿಐನಲ್ಲೇ. ಬ್ಯಾಂಕಿನವರು ‘ಲೈಫ್‌ಟೈಮ್ ಫ್ರೀ ಕ್ರೆಡಿಟ್ ಕಾರ್ಡ್, ಲಿಮಿಟ್ 60,000’ ಅಂತ ಫೋನ್ ಮಾಡ್ತಿದ್ದಾರೆ.

ತಿಳಿದವರು ಮೂರು ವಿಷಯ ಹೇಳಿ. ರುಪೇ, ವೀಸಾ, ಮಾಸ್ಟರ್‌ಕಾರ್ಡ್ ಅಂದ್ರೆ ಬೇರೆ ಬೇರೆ ಜಾತಿಯ ಕಾರ್ಡಾ? ಖಾತೆಯಲ್ಲಿ ದುಡ್ಡು ಇರುವಾಗ ಕ್ರೆಡಿಟ್ ಕಾರ್ಡ್ ಉಜ್ಜಿ ಏನು ಲಾಭ? ‘ಮಿನಿಮಮ್ ಕಟ್ಟಿದ್ರೆ ಸಾಕು ಸರ್’ ಅಂತಾರಲ್ಲ, ಅದು ನಿಜವಾ?

---

ಲೆಕ್ಕಿಗ

ಮೊದಲನೆಯದಕ್ಕೆ ಉತ್ತರ. ನೀವು ಎರಡು ಬೇರೆ ವಿಷಯಗಳನ್ನು ಬೆರೆಸಿದ್ದೀರಿ: ದುಡ್ಡು ಯಾರದ್ದು ಅನ್ನೋದು ಒಂದು, ಅದು ಯಾವ ದಾರಿಯಲ್ಲಿ ಹೋಗುತ್ತೆ ಅನ್ನೋದು ಇನ್ನೊಂದು.

ರುಪೇ, ವೀಸಾ, ಮಾಸ್ಟರ್‌ಕಾರ್ಡ್, ಡೈನರ್ಸ್, ಅಮೆರಿಕನ್ ಎಕ್ಸ್‌ಪ್ರೆಸ್ ಇವೆಲ್ಲ ದಾರಿ, ಅಂದರೆ ನೆಟ್‌ವರ್ಕ್. ಅಂಗಡಿಯ ಮಷಿನ್‌ನಿಂದ ನಿಮ್ಮ ಬ್ಯಾಂಕಿಗೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಒಂದೇ ನೆಟ್‌ವರ್ಕಿನಲ್ಲಿ ಡೆಬಿಟ್ಟೂ ಇರುತ್ತೆ, ಕ್ರೆಡಿಟ್ಟೂ ಇರುತ್ತೆ. 2024ರ ಸೆಪ್ಟೆಂಬರ್ 6ರಿಂದ, ಹತ್ತು ಲಕ್ಷಕ್ಕಿಂತ ಹೆಚ್ಚು ಚಾಲ್ತಿ ಕಾರ್ಡ್ ಇರುವ ಬ್ಯಾಂಕುಗಳು ಹೊಸ ಕ್ರೆಡಿಟ್ ಕಾರ್ಡ್ ಕೊಡುವಾಗ ಯಾವ ನೆಟ್‌ವರ್ಕ್ ಬೇಕು ಅಂತ ನಿಮ್ಮನ್ನೇ ಕೇಳಬೇಕು. ನೀವು ಯುಪಿಐ ಜಾಸ್ತಿ ಬಳಸುವವರು, ಹಾಗಾಗಿ ರುಪೇ ಕೇಳಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಸೇರಿಸಬಹುದು, ಹೇಗೆ ಅಂತ ಕೆಳಗೆ ಯಾರಾದರೂ ಹೇಳೇ ಹೇಳ್ತಾರೆ.

ಇನ್ನು ದುಡ್ಡು ಯಾರದ್ದು? ಡೆಬಿಟ್ ಅಂದರೆ ನಿಮ್ಮ ಖಾತೆಯದ್ದು, ಆ ಕ್ಷಣವೇ ಕಡಿತ. ಪ್ರೀಪೇಯ್ಡ್ ಅಂದರೆ ನೀವೇ ಮುಂಚೆ ತುಂಬಿಟ್ಟದ್ದು: ಗಿಫ್ಟ್ ಕಾರ್ಡ್, ಫಾರೆಕ್ಸ್ ಕಾರ್ಡ್, ವಾಲೆಟ್ ಕಾರ್ಡ್. ಕ್ರೆಡಿಟ್ ಅಂದರೆ ಬ್ಯಾಂಕಿನದ್ದು, ನೀವು ಆಮೇಲೆ ತೀರಿಸಬೇಕು.

ನಡುವೆ ಒಂದು ಮಿಶ್ರತಳಿಯೂ ಇದೆ. ಎನ್‌ಸಿಎಂಸಿ (ಮೆಟ್ರೊ, ಬಸ್ಸಿನಂಥ ಪ್ರಯಾಣಕ್ಕೂ ಬಳಸಬಹುದಾದ ಕಾರ್ಡ್) ಗುರುತಿರುವ ರುಪೇ ಡೆಬಿಟ್ ಕಾರ್ಡನ್ನು ನಮ್ಮ ಮೆಟ್ರೊ ಗೇಟಿಗೆ ತೋರಿಸಿ ‘ಖಾತೆಯಲ್ಲಿ ದುಡ್ಡಿದೆ, ಯಾಕೆ ತೆರೀತಿಲ್ಲ’ ಅಂತ ನಿಲ್ಲುವವರು ಬಹಳ. ಗೇಟು ಓದುವುದು ಖಾತೆಯನ್ನಲ್ಲ, ಚಿಪ್ಪಿನೊಳಗಿರುವ ಆಫ್‌ಲೈನ್ ವಾಲೆಟ್ಟನ್ನು. ಅದಕ್ಕೆ ಬೇರೆಯಾಗಿ ದುಡ್ಡು ತುಂಬಬೇಕು, ಮಿತಿ 2,000 ರೂಪಾಯಿ. ಕಾರ್ಡ್ ಕಳೆದರೆ ಆ ಮೊತ್ತವನ್ನು ಜೇಬಿನಿಂದ ಬಿದ್ದ ನೋಟು ಅಂದುಕೊಳ್ಳಿ.

---

ಬಿಲ್_ತಾರೀಖು

ಎರಡನೆಯ ಪ್ರಶ್ನೆಗೆ: ಪಾಯಿಂಟು, ಲಾಂಜು, ಸಿನಿಮಾ ಟಿಕೆಟು ಎಲ್ಲ ಬದಿಗಿಡಿ. ನಿಜವಾದ ಲಾಭ ಎರಡೇ, ಸಮಯ ಮತ್ತು ರಕ್ಷಣೆ.

ಸಮಯ ಹೇಗೆ ಅಂದ್ರೆ, ಬಿಲ್ ತಾರೀಖು 10, ಕಟ್ಟಲು ಕೊನೆ ದಿನ 30 ಅಂತ ಇಟ್ಕೊಳ್ಳಿ. ಜೂನ್ 11ಕ್ಕೆ ಫ್ರಿಜ್ ಕೊಂಡರೆ ಅದು ಜುಲೈ 10ರ ಬಿಲ್ಲಿಗೆ ಬರುತ್ತೆ, ಜುಲೈ 30ಕ್ಕೆ ಕಟ್ಟಿದ್ರೆ ಸಾಕು. 49 ದಿನ ಬಡ್ಡಿಯಿಲ್ಲ. ಅದೇ ಫ್ರಿಜ್ಜನ್ನು ಜುಲೈ 9ಕ್ಕೆ ಕೊಂಡರೆ ಸಿಗೋದು ಬರೀ 21 ದಿನ. ಅದಕ್ಕೇ ದೊಡ್ಡ ಖರೀದಿ ಬಿಲ್ ಆದ ಮಾರನೇ ದಿನ ಮಾಡಬೇಕು. ಸಂಬಳ 1ನೇ ತಾರೀಖು ಬರೋದಾದ್ರೆ ಬಿಲ್ ತಾರೀಖನ್ನ 15ರಿಂದ 18ರ ಒಳಗೆ ಹಾಕಿಸ್ಕೊಳ್ಳಿ, ಕೊನೆ ದಿನ 5ರಿಂದ 8ರ ಆಸುಪಾಸಿಗೆ ಬರುತ್ತೆ, ಕೈಯಲ್ಲಿ ದುಡ್ಡಿರುತ್ತೆ. ಬಿಲ್ಲಿಂಗ್ ಸೈಕಲ್ ಕನಿಷ್ಠ ಒಂದು ಸಲ ಬದಲಿಸಿಕೊಡಲೇಬೇಕು ಅಂತ ಆರ್‌ಬಿಐ ನಿಯಮವೇ ಇದೆ. ಕಾಲ್ ಸೆಂಟರಿನವರು ಆಗಲ್ಲ ಅಂದ್ರೆ ಇಮೇಲ್‌ನಲ್ಲಿ ಬರೆದು ಕೇಳಿ.

ರಕ್ಷಣೆ: ಡೆಬಿಟ್ ಕಾರ್ಡಲ್ಲಿ ಮೋಸ ಆದ್ರೆ ಹೋಗೋದು ನಿಮ್ಮ ಮನೆ ಬಾಡಿಗೆ ದುಡ್ಡು, ಅದು ವಾಪಸ್ ಬರೋವರೆಗೆ ಕಾಯೋರೂ ನೀವೇ. ಕ್ರೆಡಿಟ್ ಕಾರ್ಡಲ್ಲಿ ಅದು ಬ್ಯಾಂಕಿನ ದುಡ್ಡು. ಆನ್‌ಲೈನ್‌ನಲ್ಲಿ ತರಿಸಿದ ಸಾಮಾನು ಬರಲೇ ಇಲ್ಲ, ಮಾರಿದವರು ಫೋನೂ ಎತ್ತಲ್ಲ ಅಂದ್ರೆ ಚಾರ್ಜ್‌ಬ್ಯಾಕ್, ಅಂದ್ರೆ ಕೊಟ್ಟ ದುಡ್ಡನ್ನ ಬ್ಯಾಂಕಿನ ಮೂಲಕ ವಾಪಸ್ ಕೇಳಬಹುದು. ಆರ್ಡರ್ ರಸೀದಿ, ಮೆಸೇಜುಗಳ ಸ್ಕ್ರೀನ್‌ಶಾಟ್ ಎತ್ತಿಟ್ಟಿರಿ, ಬಿಲ್ಲಲ್ಲಿ ಕಂಡ ಕೂಡಲೇ ಅರ್ಜಿ ಹಾಕಿ. ಹೋಟೆಲ್ಲು, ಬಾಡಿಗೆ ಕಾರಿನವರು ಮುಂಗಡವಾಗಿ ತಡೆಹಿಡಿಯೋ ಮೊತ್ತಕ್ಕೂ ಕ್ರೆಡಿಟ್ ಕಾರ್ಡೇ ಒಳ್ಳೇದು. ಡೆಬಿಟ್ ಕೊಟ್ರೆ ಖಾತೆಯ ನಿಜವಾದ ದುಡ್ಡೇ ಸಿಕ್ಕಿಹಾಕ್ಕೊಳ್ಳುತ್ತೆ.

ಮೂರನೆಯದು ಅಂತ ಬೇಕಿದ್ರೆ ಕ್ರೆಡಿಟ್ ಸ್ಕೋರ್, ಅಂದ್ರೆ ಸಾಲ ಸರಿಯಾಗಿ ತೀರಿಸ್ತೀರಾ ಅನ್ನೋದಕ್ಕೆ ಕೊಡೋ ಅಂಕಿ, ಸೇರಿಸ್ಕೊಳ್ಳಿ. ಮುಂದೆ ಮನೆ ಸಾಲ ಕೇಳುವಾಗ 300ರಿಂದ 900ರ ಆ ಅಂಕಿಯನ್ನೇ ನೋಡೋದು. 60,000 ಲಿಮಿಟ್ಟಲ್ಲಿ ಬಿಲ್ 18,000 ದಾಟದ ಹಾಗೆ, ಅಂದ್ರೆ ಶೇ. 30ರೊಳಗೆ ಇಟ್ರೆ ಒಳ್ಳೇದು. ದಾಟಿದ ತಿಂಗಳು ಬಿಲ್ ಆಗೋ ಮುಂಚೆಯೇ ಒಂದಿಷ್ಟು ಕಟ್ಟಿಬಿಡಿ.

---

ಪೈಸೆ_ಪೈಸೆ

ಮಿನಿಮಮ್ ಕಟ್ಟಿದರೆ ಸಾಕು ಎಂಬುದು ಅರ್ಧ ನಿಜ. ಲೇಟ್ ಫೀ ಬೀಳುವುದಿಲ್ಲ, ಸ್ಕೋರಿನಲ್ಲಿ ಬಾಕಿದಾರ ಅಂತ ಬರುವುದಿಲ್ಲ, ಅಷ್ಟೇ. ಬಡ್ಡಿ ಪೂರ್ತಿ ಬೀಳುತ್ತದೆ. ಲೆಕ್ಕ ನೋಡಿ.

ಮೇಲಿನವರು ಹೇಳಿದ ತಾರೀಖುಗಳನ್ನೇ ಇಟ್ಟುಕೊಳ್ಳೋಣ. ಜೂನ್ 15ಕ್ಕೆ 20,000 ಖರ್ಚು. ಜುಲೈ 10ಕ್ಕೆ ಬಿಲ್. ಜುಲೈ 30ಕ್ಕೆ ಮಿನಿಮಮ್ ಶೇ. 5, ಅಂದರೆ 1,000 ಕಟ್ಟಿದಿರಿ. ಬಡ್ಡಿ ತಿಂಗಳಿಗೆ ಶೇ. 3.5, ವರ್ಷಕ್ಕೆ ಶೇ. 42.

ಬಡ್ಡಿ ಶುರುವಾಗುವುದು ಜುಲೈ 30ರಿಂದಲ್ಲ, ಖರ್ಚು ಮಾಡಿದ ಜೂನ್ 15ರಿಂದಲೇ.

20,000ಕ್ಕೆ 45 ದಿನ: 1,036
ಉಳಿದ 19,000ಕ್ಕೆ ಆಗಸ್ಟ್ 10ರ ಬಿಲ್ಲಿನವರೆಗೆ 11 ದಿನ: 240
ಬಡ್ಡಿಯ ಮೇಲೆ ಜಿಎಸ್‌ಟಿ ಶೇ. 18: 230

ಒಟ್ಟು 1,506. ಕಟ್ಟಿದ್ದು ಸಾವಿರ, ಸೇರಿಕೊಂಡದ್ದು ಒಂದೂವರೆ ಸಾವಿರ. ಆಗಸ್ಟ್ ಬಿಲ್ಲಿನಲ್ಲಿ ಹಳೇ ಬಾಕಿಯೇ 20,506.

ಇನ್ನೊಂದು ಮಗ್ಗುಲು ಬಹಳ ಮಂದಿಗೆ ಗೊತ್ತಿಲ್ಲ. 20,000ದಲ್ಲಿ 19,000 ಕಟ್ಟಿ ಬರೀ 1,000 ಉಳಿಸಿಕೊಂಡರೆ ಬಡ್ಡಿ ಸಾವಿರಕ್ಕೆ ಮಾತ್ರ ಅಂದುಕೊಳ್ಳುತ್ತಾರೆ. ಅಲ್ಲ. ಮೊದಲ 45 ದಿನದ ಬಡ್ಡಿ ಪೂರ್ತಿ 20,000ಕ್ಕೇ ಬೀಳುತ್ತದೆ. 1,036ಕ್ಕೆ ಕೊನೆಯ 11 ದಿನದ 13 ಸೇರಿಸಿ, ಜಿಎಸ್‌ಟಿ ಹಾಕಿದರೆ 1,237. ಉಳಿಸಿಕೊಂಡ ಬಾಕಿಗಿಂತ ಅದರ ಬಡ್ಡಿಯೇ ದೊಡ್ಡದು. ಇದರ ಮೇಲೆ, ಬಾಕಿ ಇರುವಷ್ಟು ದಿನ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇರುವುದಿಲ್ಲ. ಅರ್ಧ ಲೀಟರ್ ಹಾಲು ಕೊಂಡರೂ ಅವತ್ತಿನಿಂದಲೇ ಮೀಟರ್ ಓಡುತ್ತದೆ.

ಎಟಿಎಂನಲ್ಲಿ ಈ ಕಾರ್ಡಿನಿಂದ ನಗದು ತೆಗೆಯಲೇಬೇಡಿ. ಶುಲ್ಕ ಸಾಮಾನ್ಯವಾಗಿ ಶೇ. 2.5, ಕನಿಷ್ಠ 500. ಜೊತೆಗೆ ಮೊದಲ ದಿನದಿಂದ ಬಡ್ಡಿ. 2,000 ತೆಗೆದರೂ ಜಿಎಸ್‌ಟಿ ಸೇರಿ 590 ಶುಲ್ಕಕ್ಕೇ ಹೋಯಿತು.

---

ಹೊಸಪೇಟೆ_ಹೈದ

ಪೈಸೆ_ಪೈಸೆ ಸರ್, 1,000 ಬಾಕಿಗೆ 1,237 ಬಡ್ಡಿ ನೋಡಿ ಕಣ್ಣು ಬಿಟ್ಟೆ. ಇನ್ನೆರಡು ಅನುಮಾನ. ಯುಪಿಐಗೆ ರುಪೇ ಕ್ರೆಡಿಟ್ ಕಾರ್ಡ್ ಸೇರಿಸೋದು ಹೇಗೆ? ಮತ್ತೆ ‘ನೋ ಕಾಸ್ಟ್ ಇಎಂಐ’ ನಿಜವಾಗಲೂ ನೋ ಕಾಸ್ಟಾ?

---

ಕ್ಯೂಆರ್_ಕಟ್ಟೆ

ಯುಪಿಐ ಆ್ಯಪ್‌ನಲ್ಲಿ ಖಾತೆ ಸೇರಿಸೋ ಜಾಗದಲ್ಲೇ ‘ರುಪೇ ಕ್ರೆಡಿಟ್ ಕಾರ್ಡ್’ ಅಂತ ಇರುತ್ತೆ. ಬ್ಯಾಂಕ್ ಆರಿಸಿ, ಕಾರ್ಡಿನ ಕೊನೇ ಆರು ಅಂಕಿ ಮತ್ತೆ ಅವಧಿ ಮುಗಿಯೋ ತಿಂಗಳು, ವರ್ಷ ಹಾಕಿ, ಓಟಿಪಿ ಕೊಟ್ಟು ಹೊಸ ಯುಪಿಐ ಪಿನ್ ಇಡಿ. ಬ್ಯಾಂಕಿನಲ್ಲಿರೋ ಮೊಬೈಲ್ ನಂಬರೂ ಫೋನಲ್ಲಿರೋ ಸಿಮ್ಮೂ ಒಂದೇ ಇರಬೇಕು. ಬಹಳ ಸಲ ಕೆಡೋದು ಇಲ್ಲೇ.

ಮನುಷ್ಯರಿಗೆ ಕಳಿಸೋಕೆ ಆಗಲ್ಲ, ವ್ಯಾಪಾರಿಗಳಿಗೆ ಮಾತ್ರ. ಸೊಪ್ಪಿನ ಗಾಡಿಯಲ್ಲಿ ಸ್ಕ್ಯಾನ್ ಮಾಡಿದಾಗ ಕ್ರೆಡಿಟ್ ಕಾರ್ಡ್ ಆಯ್ಕೆ ಮಸುಕಾಗಿ ಕಂಡ್ರೆ ಕಾರ್ಡ್ ಕೆಟ್ಟಿದೆ ಅಂತಲ್ಲ. ಅವರು ಅಂಟಿಸಿರೋದು ಸ್ವಂತ ಖಾತೆಯ ಕ್ಯೂಆರ್, ವ್ಯಾಪಾರಿ ಕ್ಯೂಆರ್ ಅಲ್ಲ. ಅಲ್ಲಿ ಮಾಮೂಲಿ ಖಾತೆಯಿಂದಲೇ ಕೊಡಿ. ಸಣ್ಣ ವ್ಯಾಪಾರಿಗೆ 2,000ದವರೆಗೆ ಇದರ ಮೇಲೆ ಶುಲ್ಕ ಇಲ್ಲ, ಹಾಗಾಗಿ ‘ಕ್ರೆಡಿಟ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ’ ಅಂತ ಕೇಳಿದ್ರೆ ನಯವಾಗಿ ತಿಳಿಸಿ ಹೇಳಬಹುದು.

ನನ್ನ ಅಭಿಪ್ರಾಯ ಕೇಳಿದ್ರೆ, 20 ರೂಪಾಯಿ ಕಾಫಿಗೂ ಇದನ್ನೇ ಬಳಸಬೇಡಿ. ಬಿಲ್ಲು ನಾಲ್ಕು ಪುಟ ಆಗುತ್ತೆ, ಗೊತ್ತಿಲ್ಲದ ಒಂದು ವಹಿವಾಟು ಅದರಲ್ಲಿ ಅಡಗಿದ್ರೂ ಕಣ್ಣಿಗೆ ಬೀಳಲ್ಲ.

---

ಪೈಸೆ_ಪೈಸೆ

ನೋ ಕಾಸ್ಟ್ ಇಎಂಐಯಲ್ಲಿ ಬ್ಯಾಂಕು ಬಡ್ಡಿ ಬಿಡುವುದಿಲ್ಲ. ಮಾರುವವರು ಅಷ್ಟೇ ಮೊತ್ತವನ್ನು ರಿಯಾಯಿತಿಯಾಗಿ ಮೊದಲೇ ಕಳೆಯುತ್ತಾರೆ. 24,000ದ ಫೋನು, ಆರು ಕಂತು, ತಿಂಗಳಿಗೆ 4,000. ಬಡ್ಡಿ ವರ್ಷಕ್ಕೆ ಶೇ. 16 ಆದರೆ ನಿಮ್ಮ ಹೆಸರಿನಲ್ಲಿ ಬರೆಯುವ ಸಾಲ ಸುಮಾರು 22,919, ಬಡ್ಡಿ 1,081. ಆ ಬಡ್ಡಿಯ ಮೇಲಿನ ಜಿಎಸ್‌ಟಿ 195 ನಿಮ್ಮದೇ. ಪ್ರೊಸೆಸಿಂಗ್ ಫೀ 199 ಇದ್ದರೆ ಜಿಎಸ್‌ಟಿ ಸೇರಿ 235. ಒಟ್ಟು 430 ರೂಪಾಯಿ ಕೈಬಿಟ್ಟಿತು. ಅಷ್ಟಕ್ಕೆ ಆರು ತಿಂಗಳ ಸಮಯ ಸಿಗುತ್ತದೆ, ಕೆಟ್ಟ ವ್ಯವಹಾರವೇನಲ್ಲ. ಆದರೆ ಅದೇ ಫೋನು ಒಂದೇ ಕಂತಿಗೆ 22,500ಕ್ಕೆ ಸಿಗುತ್ತದಾ ಅಂತ ಮೊದಲು ನೋಡಿ. ಇನ್ನೊಂದು ಮಾತು: ಇಎಂಐ ಮಾಡಿದ ದಿನವೇ ಲಿಮಿಟ್ಟಿನಿಂದ ಪೂರ್ತಿ ಮೊತ್ತ ಹಿಡಿದಿಡುತ್ತಾರೆ, ಕಂತು ಕಟ್ಟಿದ ಹಾಗೆ ಬಿಡುಗಡೆ.

---

ಲೆಕ್ಕಿಗ

ಕಾರ್ಡ್ ಕೈಗೆ ಬಂದ ದಿನ ಮಾಡಬೇಕಾದ್ದು ಹೇಳಿಬಿಡ್ತೀನಿ.

ಆ್ಯಪ್‌ನಲ್ಲಿ ಕಾರ್ಡ್ ಕಂಟ್ರೋಲ್‌ಗೆ ಹೋಗಿ ಅಂತರರಾಷ್ಟ್ರೀಯ ಬಳಕೆ ಆಫ್ ಇದೆಯಾ ನೋಡಿ, ನಗದು ತೆಗೆಯುವುದನ್ನೂ ಆಫ್ ಮಾಡಿ. ಆನ್‌ಲೈನ್ ಬೇಕಿದ್ದರೆ ಆನ್ ಮಾಡಿ ದಿನದ ಮಿತಿ 10,000 ಹಾಕಿ. ಟ್ಯಾಪ್ ಮಾಡಿ ಪಿನ್ ಇಲ್ಲದೆ ಕೊಡಬಹುದಾದದ್ದು ಒಂದು ಸಲಕ್ಕೆ 5,000ದವರೆಗೆ. ಬೇಡವಾದರೆ ಅದನ್ನೂ ಆಫ್ ಮಾಡಿ. ಆಮೇಲೆ ಆಟೋಪೇ, ಅಂದರೆ ಬಿಲ್ಲಿನ ದುಡ್ಡು ಖಾತೆಯಿಂದ ತಾನಾಗಿ ಕಟ್ಟಿಹೋಗುವ ವ್ಯವಸ್ಥೆ. ಅಲ್ಲಿ ಎರಡು ಆಯ್ಕೆ ಇರುತ್ತೆ: ‘ಮಿನಿಮಮ್ ಅಮೌಂಟ್ ಡ್ಯೂ’, ‘ಟೋಟಲ್ ಅಮೌಂಟ್ ಡ್ಯೂ’. ಎರಡನೆಯದನ್ನೇ ಒತ್ತಿ. ಆಗಲೇ ಬಿಲ್ ಆಗಿದ್ದರೆ ಆಟೋಪೇ ಸಾಮಾನ್ಯವಾಗಿ ಮುಂದಿನ ಬಿಲ್ಲಿನಿಂದ ಹಿಡಿಯುತ್ತೆ, ಆದ್ದರಿಂದ ಮೊದಲ ಬಿಲ್ಲನ್ನು ಕೈಯಾರೆ ಕಟ್ಟಿ. ಅದೂ ಕೊನೆಯ ದಿನ ರಾತ್ರಿ ಹನ್ನೊಂದಕ್ಕಲ್ಲ, ಎರಡು ದಿನ ಮುಂಚೆ.

ಗೊತ್ತಿಲ್ಲದ ವಹಿವಾಟಿನ ಮೆಸೇಜ್ ಬಂದರೆ ಮೊದಲು ಆ್ಯಪ್‌ನಲ್ಲೇ ಬ್ಲಾಕ್, ಆಮೇಲೆ ಬ್ಯಾಂಕಿಗೆ ದೂರು, ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 2017ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅನ್ನುವ ಮೋಸದಲ್ಲಿ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಒಂದು ಪೈಸೆಯೂ ಬರುವುದಿಲ್ಲ. ನಾಲ್ಕರಿಂದ ಏಳನೇ ದಿನದೊಳಗಾದರೆ, ಐದು ಲಕ್ಷದವರೆಗಿನ ಲಿಮಿಟ್ಟಿನ ಕಾರ್ಡಿಗೆ ಹೆಚ್ಚೆಂದರೆ 10,000. ನೀವೇ ಓಟಿಪಿ ಹೇಳಿಬಿಟ್ಟಿದ್ದರೆ ಈ ರಕ್ಷಣೆ ಇಲ್ಲ, ದೂರು ಕೊಡುವವರೆಗಿನ ನಷ್ಟ ನಿಮ್ಮದೇ.

---

ಬಿಲ್_ತಾರೀಖು

ಒಂದು ತಿದ್ದುಪಡಿ ಸೇರಿಸ್ತೀನಿ. ಕೊನೇ ದಿನ ತಪ್ಪಿ ಹೋದ್ರೆ ಗಾಬರಿ ಬೇಡ. ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದ್ರೆ ಮಾತ್ರ ಲೇಟ್ ಫೀ ಹಾಕಬಹುದು, ಸ್ಕೋರಿಗೆ ವರದಿ ಮಾಡಬಹುದು. ಅಷ್ಟರೊಳಗೆ ಕಟ್ಟಿಬಿಡಿ. ಆದ್ರೆ ಇದು ಫೀಗೆ ಮಾತ್ರ ಸಿಗೋ ವಿನಾಯಿತಿ, ಬಡ್ಡಿಗೆ ಅಲ್ಲ.

‘ಲೈಫ್‌ಟೈಮ್ ಫ್ರೀ’ ಅನ್ನೋದನ್ನ ಫೋನಲ್ಲಿ ನಂಬಬೇಡಿ. ಅರ್ಜಿ ಜೊತೆ ಒಂದು ಪುಟದ ಮುಖ್ಯಾಂಶ ಪತ್ರ ಕೊಡಲೇಬೇಕು, ಅದರಲ್ಲಿ ಜಾಯಿನಿಂಗ್ ಫೀ, ವಾರ್ಷಿಕ ಶುಲ್ಕ ಎರಡೂ ಸೊನ್ನೆ ಇದೆಯಾ, ‘ಮೊದಲ ವರ್ಷ ಮಾತ್ರ’ ಅಂತ ಎಲ್ಲಾದ್ರೂ ಇದೆಯಾ ನೋಡಿ. ಕಾರ್ಡ್ ಜೊತೆ ವಿಮೆ ಅಂಟಿಸೋದಕ್ಕೂ ನಿಮ್ಮ ಸ್ಪಷ್ಟ ಒಪ್ಪಿಗೆ ಬೇಕು, ಆ ಚೌಕಕ್ಕೆ ಟಿಕ್ ಹಾಕಬೇಡಿ.

ಬೇಡ ಅನ್ಸಿದ್ರೆ ಬಾಕಿ ಪೂರ್ತಿ ತೀರಿಸಿ ಕ್ಲೋಸ್ ಮಾಡಿ ಅಂತ ಬರೆದುಕೊಡಿ. ಏಳು ಕೆಲಸದ ದಿನದೊಳಗೆ ಮುಚ್ಚದಿದ್ರೆ ಮುಚ್ಚೋವರೆಗೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು. ಮುಚ್ಚೋ ಮುಂಚೆ ಉಳಿದ ಪಾಯಿಂಟು ಬಳಸ್ಕೊಳ್ಳಿ, ಓಟಿಟಿ ತರಹದ ಆಟೋಪೇಗಳನ್ನ ಬೇರೆ ಕಾರ್ಡಿಗೆ ಬದಲಿಸಿ. ಇಲ್ಲಾಂದ್ರೆ ಮುಚ್ಚೋಕೆ ಹೇಳಿದ ದಿನವೇ 199 ರೂಪಾಯಿ ಬಿದ್ದು, ‘ಬಾಕಿ ಇದೆ ಸರ್’ ಅಂತ ಅರ್ಜಿ ವಾಪಸ್ ಬರುತ್ತೆ.